ತಮಾಷೆಗೆ ಅಂದೆ ಕಣೋ

"ತಮಾಷೆಗೆ ಅಂದೆ ಕಣೋ, ಅದಕ್ಯಾಕೆ ಮೊಕ ಊದಿಸ್ಕತೀಯ?"

ಈ ಮಾತು ಕಿವಿಗೆ ಬೀಳದೆ ಎಸ್ಸೆಸ್ಸೆಲ್ಸಿ ದಾಟಿದ ಕೇರಿಯ ಹುಡುಗ ಯಾರಾದರೂ ಇದ್ದರೆ ಮುಂದೆ ಬರಲಿ. ನಾನು ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಬರುವುದಿಲ್ಲ ಎಂದು ನನಗೆ ಗೊತ್ತು. ನಾನು ಇಪ್ಪತ್ತು ವರ್ಷ ಹಳ್ಳಿ ಸ್ಕೂಲುಗಳಲ್ಲಿ ಸೀಮೆಸುಣ್ಣ ಹಿಡಿದವನು. ಅದಕ್ಕೆ ಮುಂಚೆ ಹತ್ತು ವರ್ಷ ಅದೇ ಸ್ಕೂಲುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತವನು. ಎರಡೂ ಕಡೆಯಿಂದ ಈ ತಮಾಷೆಯನ್ನು ಕೇಳಿದ್ದೇನೆ.

ಹೊಸ ಅಂಗಿ ಹಾಕಿಕೊಂಡು ಬಂದರೆ, "ಏನ್ಲಾ, ಸ್ಕಾಲರ್‌ಶಿಪ್ ಬಂತಾ?" ಮಾರ್ಕ್ಸ್ ಜಾಸ್ತಿ ಬಂದರೆ, "ಯಾರ್ದು ನೋಡ್ಕಂಡು ಬರೆದೆ?" ಕಮ್ಮಿ ಬಂದರೆ, "ನಿಂಗೇನಪ್ಪ, ಸರ್ಕಾರದ ಅಳಿಯ, ಸೀಟು ರೆಡಿ ಅದೆ." ಬೀದಿಯಲ್ಲಿ ತಮಟೆ ಸದ್ದಾದರೆ ಇಡೀ ಕ್ಲಾಸು ತಿರುಗಿ ಒಬ್ಬನ ಮುಖ ನೋಡುತ್ತದೆ. ಅಂಬೇಡ್ಕರ್ ಪಾಠ ಬಂದ ದಿನವೂ ಹಾಗೇ ನೋಡುತ್ತದೆ, ಮಾರನೇ ದಿನದಿಂದ ಆ ಹುಡುಗನಿಗೆ ಅಡ್ಡಹೆಸರೇ ಅಂಬೇಡ್ಕರ್. ಆ ಮಹಾನುಭಾವನ ಹೆಸರನ್ನು ಬೈಗುಳ ಮಾಡಬಲ್ಲ ಪ್ರತಿಭೆ ನಮ್ಮ ಶಾಲೆಗಳಲ್ಲಿ ಮಾತ್ರ ಬೆಳೆಯುತ್ತದೆ. ಕೊರಮರ ಹುಡುಗನಿಗೆ ಹಂದಿಯ ಜೋಕು, ಲಂಬಾಣಿ ಹುಡುಗಿಗೆ ಸಾರಾಯಿಯ ಜೋಕು, ಸಾಬರ ಹುಡುಗನಿಗೆ ಪಾಕಿಸ್ತಾನದ ಜೋಕು. ಕ್ಲಾಸಿನಲ್ಲಿ ಯಾರಿಗೆ ಯಾವ ಜೋಕು ಎಂಬುದು ಹುಟ್ಟುವ ಮೊದಲೇ ಹಂಚಿಕೆಯಾಗಿದೆ, ಊರಿನ ಬಾವಿ ಕಟ್ಟೆಯ ಹಾಗೆ.

ಇದರಲ್ಲಿ ಒಂದಾದರೂ ಹೊಸ ಜೋಕು ಇದೆಯೇ ನೋಡಿ. ಇಲ್ಲ. ಎಂಟು ವರ್ಷದ ಮಗುವಿಗೆ ಮೀಸಲಾತಿ ಅಂದರೆ ಏನು ಗೊತ್ತು? ಅದರ ಬಾಯಲ್ಲಿ "ಕೋಟಾ" ಅನ್ನೋ ಮಾತು ಬಂದರೆ ಅದನ್ನು ಬಾಯಿಗೆ ಹಾಕಿದವರು ಬೇರೆ. ಮನೆಯ ಜಗಲಿಯಲ್ಲಿ ಅಪ್ಪ ಆಡಿದ್ದು, ಅಡಿಗೆ ಮನೆಯಲ್ಲಿ ಅಜ್ಜಿ ಆಡಿದ್ದು, ಈಗ ಮೊಬೈಲಿನಲ್ಲಿ ಚಿಕ್ಕಪ್ಪ ಕಳಿಸಿದ್ದು, ಎಲ್ಲ ಸೇರಿ ಮಗುವಿನ ಬ್ಯಾಗಿನಲ್ಲಿ ಪುಸ್ತಕದ ಜೊತೆ ಸ್ಕೂಲಿಗೆ ಬರುತ್ತವೆ. ಆದ್ದರಿಂದ "ಮಕ್ಕಳು ಮಕ್ಕಳು ಏನೋ ಆಡ್ಕತವೆ, ದೊಡ್ಡೋರು ಅದಕ್ಕೆಲ್ಲ ತಲೆ ಹಾಕಬಾರದು" ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡವರು ಆಗಲೇ ತಲೆ ಹಾಕಿದ್ದಾರೆ. ಮಕ್ಕಳ ಬಾಯಿ ಬಾಡಿಗೆಗೆ ತಗೊಂಡಿದ್ದಾರೆ ಅಷ್ಟೆ.

ಹೆಸರಿನ ವಿಚಾರವನ್ನೇ ತಗೊಳ್ಳಿ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಯಾವ ವರ್ಣದವನಿಗೆ ಎಂಥ ಹೆಸರಿಡಬೇಕು ಎಂಬ ಕಟ್ಟಳೆ ಇದೆ. ಬ್ರಾಹ್ಮಣನಿಗೆ ಮಂಗಳಕರವಾದದ್ದು, ಕ್ಷತ್ರಿಯನಿಗೆ ಬಲವನ್ನು ಹೇಳುವುದು, ವೈಶ್ಯನಿಗೆ ಧನವನ್ನು ಹೇಳುವುದು, ಶೂದ್ರನಿಗೆ ಕೇಳಿದವರು ಹೇಸಿಕೊಳ್ಳುವಂಥದ್ದು. ವರ್ಣದ ಲೆಕ್ಕಕ್ಕೇ ಸಿಕ್ಕದ ನಮ್ಮ ಗತಿ ಏನು ಎಂದು ಹೇಳಬೇಕಿಲ್ಲ. ಅಡ್ಡಹೆಸರಿಟ್ಟು ನಗುವ ಆಟ ಕ್ಲಾಸಿನ ಹುಡುಗರು ಹುಡುಕಿದ್ದಲ್ಲ, ಅದಕ್ಕೆ ಶಾಸ್ತ್ರದ ಬೆಂಬಲ ಇದೆ! ಕರಿಯ, ಕೆಂಚ, ತಿಪ್ಪ, ಕಾಳ ಅಂತ ಹಾಜರಿ ಪುಸ್ತಕದಲ್ಲಿ ಕೂಗಿದಾಗ ಮುಂದಿನ ಬೆಂಚಿನಲ್ಲಿ ಕಿಸಕ್ ಎನ್ನುವ ನಗುವಿಗೆ ಎರಡು ಸಾವಿರ ವರ್ಷದ ವಯಸ್ಸು. ಇನ್ನೊಂದು ಮಾತು. ಹುಟ್ಟಿದ ಮಕ್ಕಳು ನಿಲ್ಲದೆ ಹೋದಾಗ, ಇದೊಂದಾದರೂ ಉಳಿಯಲಿ ಎಂದು ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಎಂದು ಕರೆದ ತಾಯಿಯ ಸಂಕಟ ಆ ಹೆಸರಿನಲ್ಲಿದೆ. ನಗುವವರಿಗೆ ತಿಪ್ಪೆ ಕಾಣುತ್ತದೆ, ತಾಯಿ ಕಾಣುವುದಿಲ್ಲ.

ಈಗ ಮೇಷ್ಟ್ರುಗಳ ಹತ್ತಿರ ಬರುತ್ತೇನೆ. ನಾನೂ ಆ ಕುಲದವನೇ ಆದ್ದರಿಂದ ಸಲಿಗೆಯಿಂದ ಮಾತಾಡುತ್ತೇನೆ.

ಸ್ಕೂಲು ಶುರುವಾದ ಒಂದೆರಡು ತಿಂಗಳಲ್ಲಿ ಒಂದು ದಿನ ಮೇಲಿನಿಂದ ಆದೇಶ ಬರುತ್ತದೆ. ವಿದ್ಯಾರ್ಥಿವೇತನದ ಮಾಹಿತಿ ಸಂಜೆಯೊಳಗೆ ಕಂಪ್ಯೂಟರಿಗೆ ಏರಿಸಬೇಕು. ಮೇಷ್ಟ್ರು ಕ್ಲಾಸಿಗೆ ಬರುತ್ತಾರೆ. "ಎಸ್ಸಿ ಎಸ್ಟಿ ಮಕ್ಳೆಲ್ಲ ಎದ್ದು ನಿಂತ್ಕಳ್ರೋ. ಯಾರ್ಯಾರು ಇನ್ನೂ ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರ್ ತಂದಿಲ್ಲ?" ಒಂಬತ್ತು ಮಕ್ಕಳು ಎದ್ದು ನಿಲ್ಲುತ್ತವೆ. ಮೂವತ್ತು ಮಕ್ಕಳು ಕೂತಿರುತ್ತವೆ. ಮೇಷ್ಟ್ರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿಲ್ಲ, ಅವರಿಗೆ ಸಂಜೆಯ ಗಡುವು. ಆದರೆ ಆ ಐದು ನಿಮಿಷದಲ್ಲಿ ಮೂವತ್ತು ಮಕ್ಕಳು ಒಂಬತ್ತು ಮುಖಗಳನ್ನು ಗುರುತು ಹಾಕಿಕೊಂಡವು. ಅದುವರೆಗೆ ಆ ಹುಡುಗ ಚೆನ್ನಾಗಿ ಕಬಡ್ಡಿ ಆಡುವವನಾಗಿದ್ದ, ಈ ಹುಡುಗಿ ರಂಗೋಲಿ ಚೆನ್ನಾಗಿ ಬಿಡುವವಳಾಗಿದ್ದಳು. ಇವತ್ತಿನಿಂದ ಅವರು "ಎದ್ದು ನಿಂತೋರು". ಮಧ್ಯಾಹ್ನ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಮೊದಲ ಜೋಕು ತಯಾರಾಗಿರುತ್ತದೆ. ಅದರ ಹಿಟ್ಟು ನಾದಿಕೊಟ್ಟವರು ನಾವು.

ಒಂದು ಮಾತು ನೆನಪಿಡಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದಾಗ. ಯಾವುದನ್ನು ಪಡೆಯಲು ತಲೆ ಎತ್ತಿ ಹೋರಾಡಿದರೋ ಅದನ್ನು ಪಡೆಯಲು ನಮ್ಮ ಮಕ್ಕಳು ತಲೆ ತಗ್ಗಿಸಿ ಎದ್ದು ನಿಲ್ಲಬೇಕಾಗಿದೆ.

ಆ ಬಾಬಾಸಾಹೇಬರೂ ಒಂದು ಕ್ಲಾಸಿನಲ್ಲಿ ಕೂತಿದ್ದರು. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಮೂಲೆಯಲ್ಲಿ ಕೂರಬೇಕಿತ್ತು. ಕಸ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುವುದಿಲ್ಲವಾದ್ದರಿಂದ ದಿನಾ ಸಂಜೆ ಮನೆಗೆ ಹೊತ್ತೊಯ್ದು ಬೆಳಿಗ್ಗೆ ತರಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ನೀರು, ಜವಾನ ಬಾರದ ದಿನ ಬಾಯಾರಿಕೆ. ಇದನ್ನು ನಮ್ಮ ಪಠ್ಯಪುಸ್ತಕಗಳೂ ಅಷ್ಟಿಷ್ಟು ಹೇಳುತ್ತವೆ. ಆದರೆ ಮುಂದೆ ಮುಂಬಯಿಯ ಹೈಸ್ಕೂಲಿನ ಸಂಗತಿಯೊಂದನ್ನು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಲೆಕ್ಕ ಬಿಡಿಸಲು ಮೇಷ್ಟ್ರು ಹುಡುಗ ಭೀಮನನ್ನು ಕರಿಹಲಗೆಯ ಹತ್ತಿರ ಕರೆದರು. ಇಡೀ ಕ್ಲಾಸು ಗದ್ದಲವೆದ್ದು ಹಲಗೆಯ ಕಡೆ ನುಗ್ಗಿತು. ಯಾಕೆಂದರೆ ಅವರ ಊಟದ ಡಬ್ಬಿಗಳು ಹಲಗೆಯ ಹಿಂದೆ ಇದ್ದವು. ಇವನು ಮುಟ್ಟುವುದರೊಳಗೆ ಡಬ್ಬಿಗಳನ್ನು ಎತ್ತಿಕೊಳ್ಳಬೇಕಿತ್ತು!

ಆ ಹುಡುಗರು ಯಾರೂ ಮುದುಕರಲ್ಲ, ಪುರೋಹಿತರಲ್ಲ. ಲೆಕ್ಕದ ಕ್ಲಾಸಿನ ಹುಡುಗರು. ಅವರಲ್ಲಿ ಕೆಲವರಿಗೆ ಆವತ್ತು ಅದು ಭಾರೀ ತಮಾಷೆಯಾಗಿಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಡಬ್ಬಿ ಎತ್ತಿಕೊಳ್ಳುವ ಕಾಲ ಹೋಯಿತು ಎನ್ನುವವರು ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ದಲಿತ ಹೆಂಗಸು ಅಡಿಗೆಗೆ ನಿಂತ ದಿನ ಯಾರ ಮಕ್ಕಳು ಹೊಟ್ಟೆನೋವು ಅಂತ ಮನೆಗೆ ಹೋಗುತ್ತಾರೆ ಎಂಬುದನ್ನು ಒಂದು ವಾರ ನಿಂತು ನೋಡಲಿ.

ತಮಾಷೆ ಅನ್ನುವುದು ಕಡೆಗೆ ತಮಾಷೆಯಾಗಿಯೂ ಉಳಿಯುವುದಿಲ್ಲ. ಯಾವ ಮಕ್ಕಳ ಬಗ್ಗೆ "ಅವಕ್ಕೆ ಅಭ್ಯಾಸ ಅದೆ ಬುಡು" ಎಂದು ನಗಾಡುತ್ತಾರೋ, ಕಕ್ಕಸು ತೊಳೆಯುವ ಸರದಿ ಬಂದಾಗ ಅದೇ ಮಕ್ಕಳ ಹೆಸರು ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು, ಕೇಸಾಯಿತು, ಬಂಧನವಾಯಿತು. ಆ ಗುಂಡಿಗೆ ಮಕ್ಕಳನ್ನು ಆರಿಸಿದ್ದು ಒಂದು ದಿನದ ತೀರ್ಮಾನ ಎಂದು ನಾನು ನಂಬುವುದಿಲ್ಲ. ಯಾವ ಮಗು ಯಾವುದಕ್ಕೆ ಎಂಬ ಹಂಚಿಕೆ ಹಗುರ ಮಾತುಗಳಲ್ಲಿ ಎಷ್ಟೋ ಮೊದಲೇ ನಡೆದಿರುತ್ತದೆ.

"ಅಯ್ಯೋ, ನಿಮಗೆ ಹಾಸ್ಯಪ್ರಜ್ಞೆಯೇ ಇಲ್ಲ" ಎಂದು ನಮ್ಮ ಮೇಲೆ ಬಹಳ ಹಿಂದಿನಿಂದ ಒಂದು ಆಪಾದನೆ. ಸ್ವಾಮಿ, ನಮ್ಮ ಕೇರಿಗೆ ಒಂದು ಮದುವೆಗೆ ಬನ್ನಿ. ಬೀಗರ ಹಾಡು ಕೇಳಿ. ಗಂಡಿನ ಕಡೆಯ ಅತ್ತೆಯ ಮೂಗು, ಮಾವನ ಹೊಟ್ಟೆ, ತಂದ ಸೀರೆಯ ಬಣ್ಣ, ಬಡಿಸಿದ ಸಾರಿನ ನೀರು, ಒಂದೂ ಬಿಡದೆ ಹೆಣ್ಣಿನ ಕಡೆಯ ಹೆಂಗಸರು ಗೇಲಿ ಮಾಡುತ್ತಾರೆ. ಗಂಡಿನ ಕಡೆಯವರು ಎದ್ದು ಅದಕ್ಕೆ ಒಂದು ಕೈ ಮೇಲಾಗಿ ತಿರುಗಿಸಿ ಹಾಡುತ್ತಾರೆ. ಆಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನಮಗೆ ನಗು ಗೊತ್ತು. ತಿರುಗಿಸಿ ಹಾಡಬಹುದಾದದ್ದು ಗೇಲಿ, ತಿರುಗಿಸಿದರೆ ಹಲ್ಲು ಉದುರುವುದಾದರೆ ಅದಕ್ಕೆ ಬೇರೆ ಹೆಸರಿದೆ.

ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ಈ ನಾಡು 1973ರಲ್ಲಿ ತೋರಿಸಿತು. ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಅವರು. ಒಂದೇ ಒಂದು ಪದ, ಬೂಸಾ. ಅದೂ ದನಗಳಿಗೆ ಹಾಕುವ ಒಳ್ಳೆಯ ಮೇವು! ಆದರೆ ನಾಡಿಗೆ ನಾಡೇ ಹೊತ್ತಿಕೊಂಡಿತು. ಮೇಲುಜಾತಿಯ ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ದಲಿತ ಹುಡುಗರು ಏಟು ತಿಂದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆವತ್ತು ಒಬ್ಬನಾದರೂ "ಹೋಗಲಿ ಬಿಡ್ರಯ್ಯ, ತಮಾಷೆಗೆ ಅಂದಿದ್ದಾರೆ" ಎಂದನೇ? ಸಾವಿರ ವರ್ಷದ ಬೈಗುಳವನ್ನು ನಕ್ಕು ನುಂಗಿಕೊಳ್ಳಿ ಎಂದು ನಮ್ಮ ಮಕ್ಕಳಿಗೆ ಬುದ್ಧಿ ಹೇಳುವವರು ಒಂದು ಪದವನ್ನು ನುಂಗಿಕೊಳ್ಳಲಾರದೆ ಹೋದರು. ಆ ಏಟು ತಿಂದ ಹುಡುಗರ ನಡುವಿನಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವ ಮಾತು.

ಅದರ ಪಕ್ಕದಲ್ಲಿ ಐವತ್ತು ವರ್ಷದ ಆಚೆಯ ಇನ್ನೊಂದು ಸಂಗತಿ ಇಡುತ್ತೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಹುಡುಗರು ಯುವಜನೋತ್ಸವದ ವೇದಿಕೆಯ ಮೇಲೆ ಒಂದು ಕಿರುನಾಟಕ ಆಡಿದರು. ಬಿ.ಆರ್. ಎಂಬ ಎರಡಕ್ಷರವನ್ನು ಬಿಯರ್ ಮಾಡಿ ಬಾಬಾಸಾಹೇಬರ ಹೆಸರಿಗೆ ಅಂಟಿಸಿದರು. ಮುಟ್ಟುವುದು, ಮುಟ್ಟದಿರುವುದು ಅವರಿಗೆ ಪ್ರೇಮಪ್ರಸಂಗದ ನಗೆಚಾಟಿಕೆ ಆಯಿತು. ವಿಡಿಯೋ ಹೊರಗೆ ಬಂದ ಮೇಲೆ ಗಲಾಟೆ, ದೂರು, ಬಂಧನ ಎಲ್ಲ ಆಯಿತು. ಮುಂದೆ ಹೈಕೋರ್ಟು ಆ ಕೇಸನ್ನು ರದ್ದುಮಾಡಿತು. ಕೋರ್ಟಿನ ಲೆಕ್ಕ ಕೋರ್ಟಿಗೆ ಇರಲಿ, ಆ ಹುಡುಗರು ಜೈಲಿನಲ್ಲಿ ಕೊಳೆಯಬೇಕಿತ್ತು ಎಂಬುದು ನನ್ನ ವಾದವಲ್ಲ. ನನ್ನ ಪ್ರಶ್ನೆ ವೇದಿಕೆಯ ಮೇಲಿದ್ದವರಿಗಿಂತ ಕೆಳಗೆ ಕೂತಿದ್ದವರ ಬಗ್ಗೆ. ಮುಟ್ಟಿಸಿಕೊಳ್ಳದೆ ಸತ್ತವರ ಕತೆಯನ್ನು ನಗೆಗೆ ಇಟ್ಟರೆ ಈ ಸಭೆ ನಗುತ್ತದೆ ಎಂಬ ಭರವಸೆ ಆ ಹುಡುಗರಿಗೆ ಎಲ್ಲಿಂದ ಬಂತು? ಅವರು ಹನ್ನೆರಡು ವರ್ಷ ಯಾವ ಯಾವ ಕ್ಲಾಸುಗಳಲ್ಲಿ ಕೂತು ಬಂದಿದ್ದರೋ ಅಲ್ಲಿಂದಲೇ ಬಂತು. ಅಲ್ಲಿ ಯಾವ ಮೇಷ್ಟ್ರೂ ಒಮ್ಮೆಯೂ ನಗು ನಿಲ್ಲಿಸಿರಲಿಲ್ಲ.

ಗುಟ್ಟು ಇರುವುದು ಇಲ್ಲೇ. ಜೋಕು ಹೇಳುವವನು ಒಬ್ಬ, ನಗುವವರು ಮೂವತ್ತು ಜನ. ಆ ಒಬ್ಬ ಹೇಳಿಯಾದ ಮೇಲೆ ಒಂದು ಗಳಿಗೆ ಸುತ್ತ ನೋಡುತ್ತಾನೆ. ಯಾರೂ ನಗದಿದ್ದರೆ ಅವನು ಬೆತ್ತಲೆ. ನಕ್ಕರೆ ಅವನು ಹೀರೋ. ನಗುವುದೆಂದರೆ ಕೈ ಎತ್ತಿ ಓಟು ಹಾಕಿದ ಹಾಗೆ. ಆ ಮೂವತ್ತು ಓಟುಗಳಲ್ಲಿ ಅತಿ ಕ್ರೂರವಾದದ್ದು ಯಾವುದು ಗೊತ್ತೇ? ಜೋಕು ಯಾರ ಮೇಲೋ ಆ ಹುಡುಗನದೇ ಓಟು. ಎಲ್ಲರಿಗಿಂತ ಜೋರಾಗಿ ನಗುವವನು ಅವನು. ಮೊದಲು ನಕ್ಕುಬಿಟ್ಟರೆ ನೋವು ಕಮ್ಮಿ ಎಂದು ಯಾರೂ ಹೇಳಿಕೊಡದೆ ಕಲಿತಿರುತ್ತಾನೆ. ಸ್ವಲ್ಪ ದಿನ ಹೋದರೆ ತನ್ನ ಮೇಲಿನ ಜೋಕನ್ನು ತಾನೇ ಹೇಳುತ್ತಾನೆ. "ನಾವು ಕೋಟಾ ಗಿರಾಕಿಗಳು ಕಣ್ರಪ್ಪಾ" ಎಂದು. ಗೆಳೆಯರು ಬೆನ್ನು ತಟ್ಟುತ್ತಾರೆ: "ಇವ್ನು ನೋಡು, ಎಷ್ಟು ಸ್ಪೋರ್ಟಿವ್!" ಹಾಗೆ ಬೆನ್ನು ತಟ್ಟಿಸಿಕೊಂಡವನು ಸಂಜೆ ಬಸ್ಸಿನಲ್ಲಿ ಕೇರಿಗೆ ಒಂದು ಸ್ಟಾಪು ಮೊದಲೇ ಇಳಿದು ಗದ್ದೆ ಬದುವಿನ ಮೇಲೆ ನಡೆದುಕೊಂಡು ಮನೆಗೆ ಹೋಗುತ್ತಾನೆ. ಸ್ಕೂಲಿಗೆ ಅವ್ವ ಬಂದರೆ ಗೇಟಿನಲ್ಲೇ ನಿಲ್ಲಿಸಿ "ಯಾಕ್ ಬಂದೆ?" ಎಂದು ಸಿಡುಕುತ್ತಾನೆ. ಆ ತಾಯಿಗೆ ಮಗ ಯಾಕೆ ಸಿಡುಕುತ್ತಾನೆ ಎಂದು ತಿಳಿಯುವುದಿಲ್ಲ, ಓದಿದ ಕೊಬ್ಬು ಅಂದುಕೊಳ್ಳುತ್ತಾಳೆ. ಒಂದು ಜೋಕು ತಾಯಿ ಮಗನ ನಡುವೆ ಬಂದು ನಿಂತಿದೆ ಎಂದು ಅವಳಿಗೆ ಯಾರು ಹೇಳಬೇಕು?

ಇದಕ್ಕೆ ಲೋಕ ಕೊಡುವ ಔಷಧಿ ಎರಡು. ಒಂದು, "ಮನಸ್ಸಿಗೆ ಹಚ್ಕೋಬೇಡ". ಎರಡು, "ಚೆನ್ನಾಗಿ ಓದಿ ತೋರಿಸು, ತಾನಾಗೇ ಬಾಯಿ ಮುಚ್ತಾರೆ".

ಮೊದಲನೆಯದು ಕಲ್ಲು ಹೊಡೆಯುವವನನ್ನು ಬಿಟ್ಟು ಏಟು ಬಿದ್ದವನಿಗೆ ಚರ್ಮ ದಪ್ಪ ಮಾಡಿಕೋ ಎನ್ನುವ ಉಪದೇಶ. ಎರಡನೆಯದು ಇನ್ನೂ ಅಪಾಯದ್ದು, ಯಾಕೆಂದರೆ ನಮ್ಮವರೇ, ನಮ್ಮ ಅಪ್ಪಂದಿರೇ, ಅದನ್ನು ನಂಬಿ ಹೇಳುತ್ತಾರೆ. ಓದಿ ತೋರಿಸಲಿಲ್ಲವೇ ಹಾಗಾದರೆ? ರೋಹಿತ್ ವೇಮುಲ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಸಾಮಾನ್ಯ ಮೆರಿಟ್ಟಿನಲ್ಲೇ ಸೇರಿದ ಹುಡುಗ. 2016ರ ಜನವರಿ 17ರಂದು ನಮ್ಮನ್ನು ಬಿಟ್ಟುಹೋದ. ಪಾಯಲ್ ತಡ್ವಿ ಎಂಬಿಬಿಎಸ್ ಮುಗಿಸಿ ಮುಂಬಯಿಯಲ್ಲಿ ಸ್ತ್ರೀರೋಗ ವಿಭಾಗದಲ್ಲಿ ಮೇಲಿನ ಓದು ಓದುತ್ತಿದ್ದ ಆದಿವಾಸಿ ಹೆಣ್ಣುಮಗಳು. ಜೊತೆಯಲ್ಲಿ ಓದುತ್ತಿದ್ದ ಹಿರಿಯ ವೈದ್ಯೆಯರು ಜಾತಿ, ಮೀಸಲಾತಿ ಎತ್ತಿ ಹೀಯಾಳಿಸುತ್ತಿದ್ದರು ಎಂಬುದು ಮನೆಯವರ ದೂರು. 2019ರ ಮೇ ತಿಂಗಳಲ್ಲಿ ಆಕೆಯೂ ಇಲ್ಲವಾದಳು. ಅದೇ ವರ್ಷ ಈ ಇಬ್ಬರ ತಾಯಂದಿರು ಒಟ್ಟಿಗೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕ್ಯಾಂಪಸ್ಸುಗಳಲ್ಲಿ ಜಾತಿ ತಾರತಮ್ಯ ತಡೆಯಲು 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು, ಅದನ್ನು ಜಾರಿ ಮಾಡಿಸಿಕೊಡಿ ಎಂದು. ದೆಹಲಿಯ ಏಮ್ಸ್‌ನಲ್ಲಿ ದಲಿತ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಪಡುವ ಪಾಡನ್ನು ತೋರಟ್ ಸಮಿತಿ 2007ರಲ್ಲೇ ಬರೆದುಕೊಟ್ಟಿತ್ತು. ಡಾಕ್ಟರಾದರೂ ಬಾಯಿ ಮುಚ್ಚಲಿಲ್ಲ ಎಂದ ಮೇಲೆ, ನಮ್ಮ ಹುಡುಗ ಎಷ್ಟು ಓದಿ ತೋರಿಸಬೇಕು? ಯಾರಿಗೆ ತೋರಿಸಬೇಕು?

ಮೆರಿಟ್ಟಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ಮೊದಲ ದಿನ ಪಕ್ಕದಲ್ಲಿ ಕೂತವನು ಊರು ಕೇಳುವುದಿಲ್ಲ, "ಸಿಇಟಿ ರ‍್ಯಾಂಕ್ ಎಷ್ಟು?" ಎಂದು ಕೇಳುತ್ತಾನೆ. ಜಾತಿ ಕೇಳುವ ನಾಜೂಕಿನ ದಾರಿ ಅದು. ರ‍್ಯಾಂಕ್ ಹೇಳಿದ ಕೂಡಲೇ ಮುಖದ ಮೇಲೊಂದು ಸಣ್ಣ ನಗು. ಆದರೆ ಅದೇ ಕ್ಲಾಸಿನಲ್ಲಿ ದುಡ್ಡು ಸುರಿದು ಸೀಟು ಕೊಂಡವನು ಇರುತ್ತಾನಲ್ಲ, ಅವನ ರ‍್ಯಾಂಕಿನ ಮೇಲೆ ಯಾವತ್ತಾದರೂ ಜೋಕು ಕೇಳಿದ್ದೀರಾ? ಈ ರಾಜ್ಯದಲ್ಲಿ ಡೊನೇಷನ್ ಹಾವಳಿ ತಾಳಲಾರದೆ 1984ರಲ್ಲಿ ಕ್ಯಾಪಿಟೇಷನ್ ನಿಷೇಧ ಕಾಯ್ದೆ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉಗಿಯಬೇಕಾಯಿತು. ಆದರೂ "ಡೊನೇಷನ್ ಡಾಕ್ಟ್ರು" ಎಂದು ಹೀಯಾಳಿಸಿಕೊಂಡು ಯಾವ ಹುಡುಗನೂ ಬಸ್ಸಿನಿಂದ ಒಂದು ಸ್ಟಾಪು ಮೊದಲೇ ಇಳಿದದ್ದು ನನಗೆ ಗೊತ್ತಿಲ್ಲ. 2019ರಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ತಂದು ಮುಂದುವರಿದ ಜಾತಿಗಳ ಬಡವರಿಗೆ ಶೇಕಡಾ 10ರವರೆಗೆ ಮೀಸಲಾತಿಗೆ ದಾರಿ ಮಾಡಿದರು. ಆವತ್ತಿನಿಂದ ಕೋಟಾ ಜೋಕು ಅವರ ಮನೆ ಬಾಗಿಲಿಗೂ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಜೋಕಿಗೆ ದಾರಿ ಚೆನ್ನಾಗಿ ಗೊತ್ತು, ಅದು ಕೇರಿಯ ಕಡೆಗೇ ತಿರುಗುತ್ತದೆ.

ಹಾಗಾದರೆ ಹುಡುಗ ಮೇಷ್ಟ್ರಿಗೆ ಹೇಳಬಾರದೇ? ಹೇಳಿದವನ ಕತೆ ಕೇಳಿ. ತಮಿಳುನಾಡಿನ ನಾಂಗುನೇರಿಯಲ್ಲಿ 2023ರ ಆಗಸ್ಟಿನಲ್ಲಿ ಹನ್ನೆರಡನೇ ಕ್ಲಾಸಿನ ಒಬ್ಬ ದಲಿತ ಹುಡುಗ, ಸಹಪಾಠಿಗಳು ಜಾತಿಯ ಕಾರಣಕ್ಕೆ ಕಾಡುತ್ತಿದ್ದುದನ್ನು ತಾಳಲಾರದೆ ಕಡೆಗೆ ಶಾಲೆಯಲ್ಲಿ ಹೇಳಿದ. ಆ ರಾತ್ರಿ ಅದೇ ಹುಡುಗರು ಮಚ್ಚು ಹಿಡಿದು ಅವನ ಮನೆಗೆ ನುಗ್ಗಿದರು. ಅವನನ್ನೂ ತಡೆಯಲು ಬಂದ ಪುಟ್ಟ ತಂಗಿಯನ್ನೂ ಕೊಚ್ಚಿದರು. ಪುಣ್ಯಕ್ಕೆ ಇಬ್ಬರೂ ಬದುಕಿದರು, ಮರುವರ್ಷ ಆ ಹುಡುಗ ಪಾಸೂ ಆದ. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ಮಾಡಿತು. 2024ರ ಜೂನ್‌ನಲ್ಲಿ ವರದಿ ಬಂತು. ಜಾತಿ ಗುರುತಿನ ಬಣ್ಣದ ದಾರ ಕೈಗೆ ಕಟ್ಟಿಕೊಂಡು ಶಾಲೆಗೆ ಬರಬಾರದು, ಶಾಲೆಗಳ ಹೆಸರಿನಲ್ಲಿ ಜಾತಿ ಇರಬಾರದು ಎಂಬಂಥ ಸಲಹೆಗಳು ಅದರಲ್ಲಿವೆ. ಒಳ್ಳೆಯವೇ. ಆದರೆ ಕಾಟ ಮಾತಿನಲ್ಲಿದ್ದಾಗಲೇ ತಡೆದಿದ್ದರೆ ಅದು ಮಚ್ಚಿನವರೆಗೆ ಬೆಳೆಯುತ್ತಿರಲಿಲ್ಲ.

ನನ್ನ ಜೊತೆಯ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಶಾಲೆ ಯಾವುದೆಂದು ಬೇಡ, ನಿಮ್ಮ ಊರಿನದೇ ಅಂದುಕೊಳ್ಳಿ. ಒಂಬತ್ತನೇ ಕ್ಲಾಸಿನ ಒಬ್ಬ ಗೌಡರ ಹುಡುಗ ನಾಲ್ಕು ಜನರ ಮುಂದೆ ಒಬ್ಬ ಹುಡುಗಿಗೆ ಅಂದ: "ನಿಮ್ಮಟ್ಟೀಲಿ ಸತ್ತ ದನ ತಿಂತಿದ್ರಂತೆ, ಹೌದಾ?" ಎಲ್ಲರೂ ನಕ್ಕರು. ಆ ಹುಡುಗಿ ನಗಲಿಲ್ಲ, ಅಳಲೂ ಇಲ್ಲ. "ಯಾರ ಮನೆ ದನ?" ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. "ಸತ್ತ ದನ ಯಾರ್ದು ಅಂತ ಕೇಳ್ದೆ. ನಿಮ್ಮನೇದಲ್ವ? ಕೊಟ್ಗೇಲಿ ನಾರ್ತಾ ಬಿದ್ದಿದ್ದಾಗ ನಮ್ಮ ತಾತನ್ನ ಕರಿಯೋಕೆ ಬಂದೋರು ಯಾರು, ನಿಮ್ಮ ತಾತ ಅಲ್ವ?" ನಗು ನಿಂತುಹೋಯಿತು. ಎಷ್ಟು ಸೊಗಸಾದ ಪ್ರಶ್ನೆ! ಒಂದು ಊರಿನ ಇಡೀ ಅರ್ಥಶಾಸ್ತ್ರ ಅದರಲ್ಲಿದೆ. ಆದರೆ ಸಂಜೆಯೊಳಗೆ ಹೆಡ್‌ಮೇಷ್ಟ್ರ ರೂಮಿಗೆ ದೂರು ಹೋಯಿತು. ದೂರು ಯಾರ ಮೇಲೆ ಎಂದುಕೊಂಡಿರಿ? ಆ ಹುಡುಗಿಯ ಮೇಲೆ. "ಜಾತಿ ಎತ್ತಿ ಮಾತಾಡಿದಳು" ಅಂತ! ಹೆಡ್‌ಮೇಷ್ಟ್ರು ಇಬ್ಬರನ್ನೂ ಕರೆಸಿ ಇಬ್ಬರಿಂದಲೂ ಕ್ಷಮೆ ಕೇಳಿಸಿದರು. ನ್ಯಾಯ ಸಮವಾಗಿ ಹಂಚಿದೆ ಎಂದು ಸಮಾಧಾನಪಟ್ಟರು.

ಆ ಹುಡುಗಿ ಮಾಡಿದ್ದೇ ದಾರಿ ಎಂದು ನನಗೆ ಅನ್ನಿಸುತ್ತದೆ. ಮೊದಲು, ನಗಬಾರದು. ತನ್ನ ಮೇಲಿನ ಜೋಕಿಗೆ ತಾನು ಓಟು ಹಾಕಬಾರದು. ಆಮೇಲೆ, "ನಂಗೆ ಅರ್ಥ ಆಗ್ಲಿಲ್ಲ, ಬಿಡಿಸಿ ಹೇಳು" ಎಂದು ಕೇಳಬೇಕು. ಬಿಡಿಸಿ ಹೇಳಬೇಕಾದರೆ ಹೇಳುವವನು ಜಾತಿಯ ಹೆಸರು ಹಿಡಿದೇ ಹೇಳಬೇಕಾಗುತ್ತದೆ, ಆಗ ಜೋಕಿನ ಬಟ್ಟೆ ಬಿಚ್ಚಿಹೋಗುತ್ತದೆ. ಒಬ್ಬರೇ ಇದ್ದಾಗ ಇದು ಕಷ್ಟ, ಮೂವರಿದ್ದರೆ ಸುಲಭ. ಹಾಸ್ಟೆಲಿನ ಹುಡುಗರು ರಾತ್ರಿ ಊಟದ ಮೇಲೆ ಕೂತು ಇವತ್ತು ಏನೇನು ಕೇಳಿದಿರಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಅವಮಾನ ಒಬ್ಬನ ಹೊಟ್ಟೆಯಲ್ಲಿದ್ದರೆ ಹುಣ್ಣು, ಹತ್ತು ಜನರ ನಡುವೆ ಬಂದರೆ ಸುದ್ದಿ. ತಾರೀಖು ಹಾಕಿ ಬರೆದಿಡಬೇಕು. ಕೈ ಮಾಡಬಾರದು, ಕೈ ಮಾಡಿದ ಮರುಗಳಿಗೆ ಜೋಕು ಮರೆತು ಏಟೊಂದೇ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ.

ಕಾನೂನು ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರಲ್ಲದವರು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ನಿಂದಿಸುವುದು, ಅವಮಾನಿಸಲೆಂದೇ ಹೀಯಾಳಿಸುವುದು ಅಪರಾಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಎನ್ನುತ್ತದೆ. ಆದರೆ ಹನ್ನೆರಡು ವರ್ಷದ ಹುಡುಗನ ಮೇಲೆ ಪೊಲೀಸ್ ಕೇಸು ಹಾಕಿ ಗೆದ್ದೆವು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆ ಹುಡುಗ ತೋಪು, ಮದ್ದು ತುಂಬಿದವರು ಮನೆಯಲ್ಲಿದ್ದಾರೆ. ಕಾನೂನಿನ ಮಾತು ಕೇಳಬೇಕಾದವರು ದೊಡ್ಡವರು: ಕೇಳಿಯೂ ಕಿವುಡಾದ ಮೇಷ್ಟ್ರು, ದೂರು ಮುಚ್ಚಿಟ್ಟ ಹೆಡ್‌ಮೇಷ್ಟ್ರು, ಆಡಳಿತ ಮಂಡಳಿ.

ನಮ್ಮೊಳಗಿನ ಕಸವನ್ನೂ ಗುಡಿಸಿಕೊಳ್ಳಬೇಕು. ಎಡಗೈ ಹುಡುಗನ ಮೇಲೆ ಬಲಗೈ ಹುಡುಗ ಹೇಳುವ ಜೋಕು, ಬಲಗೈಯವನ ಮೇಲೆ ಎಡಗೈಯವನು ಹೇಳುವ ಜೋಕು ಅದೇ ಗಿರಣಿಯ ಹಿಟ್ಟು. ಪೌರಕಾರ್ಮಿಕರ ಮಗನಿಗೆ ಹಾಸ್ಟೆಲಿನಲ್ಲಿ ಏನೆಂದು ಕರೆಯುತ್ತಾರೆ? ಕ್ರಾಂತಿಗೀತೆ ಹಾಡಿ ಬಂದ ಮೇಲೆ ರೂಮಿನಲ್ಲಿ ಹುಡುಗಿಯರ ಮೇಲೆ ಏನೇನು ಜೋಕು ನಡೆಯುತ್ತವೆ? ಇದನ್ನು ಕೇಳಿದರೆ ಚಳವಳಿ ಒಡೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಇಂಥದ್ದನ್ನು ಕೇಳದೇ ಇದ್ದದ್ದರಿಂದಲೇ ಅದು ಒಡೆದಿದೆ.

ಇನ್ನು ಮೇಷ್ಟ್ರುಗಳಿಗೆ. ಜೋಕು ಕಿವಿಗೆ ಬಿದ್ದಾಗ ಪಾಠ ನಿಲ್ಲಿಸಿ. ಹೇಳಿದವನನ್ನು ಬೈಯುವುದಕ್ಕೆ ಮೊದಲು ನಕ್ಕವರನ್ನು ಕೇಳಿ, ಯಾಕೆ ನಕ್ಕಿರಿ ಎಂದು. ಏಟು ಬಿದ್ದ ಮಗುವನ್ನು ಎಬ್ಬಿಸಿ ನಿಲ್ಲಿಸಿ ಸಮಾಧಾನ ಹೇಳಬೇಡಿ, ಅದು ಎರಡನೇ ಅವಮಾನ. ಅಂಬೇಡ್ಕರ್ ಪಾಠ ಮಾಡುವ ದಿನ ನಿಮ್ಮ ಕಣ್ಣು ಹಿಂದಿನ ಬೆಂಚಿಗೆ ಹೋಗದಿರಲಿ. ಸಂವಿಧಾನ ಮುಂದಿನ ಬೆಂಚಿನವರಿಗೂ ಸೇರಿದ್ದು, ಅವರನ್ನು ನೋಡಿಯೇ ಪಾಠ ಮಾಡಿ.

ವಿದ್ಯಾರ್ಥಿವೇತನದ ಪಟ್ಟಿ ಕೇಳಿದಾಗ ಕ್ಲಾಸಿಗೆ ಹೋಗಿ ಕೂಗಬೇಡಿ. ಸೇರಿಸುವಾಗಲೇ ಜಾತಿಯ ಮಾಹಿತಿ ದಾಖಲೆಯಲ್ಲಿ ಬರೆದುಕೊಂಡಿದ್ದೀರಿ, ಅದನ್ನು ತೆಗೆದು ನೋಡಿ. ನಂಬರ್ ಬೇಕಿದ್ದರೆ ಚೀಟಿ ಬರೆದು ಮಗುವಿನ ಅಪ್ಪನನ್ನೋ ಅವ್ವನನ್ನೋ ಕರೆಸಿ, ಆಫೀಸ್ ರೂಮಿನಲ್ಲಿ ಕುರ್ಚಿ ಹಾಕಿ ಕೂರಿಸಿ ಬರೆದುಕೊಳ್ಳಿ. ಒಂದು ದಿನ ತಡವಾಗುತ್ತದೆ. ಮೇಲಿನವರು ಕೇಳಿದರೆ ಯಾಕೆ ತಡವಾಯಿತು ಎಂದು ಬರವಣಿಗೆಯಲ್ಲೇ ಉತ್ತರ ಕೊಡಿ.

ನಿಮ್ಮ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಕೇಳಿದ ಇಂಥ ಜೋಕುಗಳನ್ನು ಬರೆದು ಈ ಪತ್ರಿಕೆಗೆ ಕಳಿಸಿ. ಮಕ್ಕಳ ಹೆಸರು ಬೇಡ, ಊರೂ ಬೇಡ. ಯಾವ ಕ್ಲಾಸು, ಯಾರು ಯಾರು ನಕ್ಕರು, ಯಾರು ನಗಲಿಲ್ಲ, ಮೇಷ್ಟ್ರು ಏನು ಮಾಡಿದರು, ಅಷ್ಟು ಬರೆದರೆ ಸಾಕು.